ಫ್ರೀ ಎಂಬ ಹೆಸರು

ಮೇ ತಿಂಗಳ ಕೊನೆಯ ವಾರ, ಒಂದು ಮಧ್ಯಾಹ್ನ, ಮೀನುಗಾರಿಕೆ ಬಂದರಿನ ಹವಾಮಾನ ಕಂಪ್ಯೂಟರಿನಲ್ಲಿ ಸಿ ಭಾಷೆಯ ಪ್ರೋಗ್ರಾಮಿನೊಳಗೆ ಇದು ನಡೆಯಿತು. ಗಾಳಿಯ ವೇಗದ ಅಳತೆ ಬಂದಾಗಲೆಲ್ಲ ಅದನ್ನಿಡಲು ಮ್ಯಾಲಾಕ್ ಎಂಬಾತ ಮೆಮೊರಿಯಲ್ಲಿ ಒಂದು ಕೋಣೆ ಕೊಡುತ್ತಿದ್ದ. ಕೋಣೆಯ ವಿಳಾಸ, ಒಮ್ಮೆಗೆ ಒಂದೇ ವಿಳಾಸ ಇಟ್ಟುಕೊಳ್ಳಬಲ್ಲ ಪಾಯಿಂಟರ್‌ನ ಬಳಿ ಇರುತ್ತಿತ್ತು. ಕೆಲಸ ಮುಗಿದ ಕೋಣೆಯನ್ನು ಫ್ರೀ ಎಂಬವನು ವಾಪಸು ಪಡೆಯಬೇಕಿತ್ತು. ಆದರೆ ಪಾಯಿಂಟರ್ ಅವನನ್ನು ಒಮ್ಮೆಯೂ ಕರೆದಿರಲಿಲ್ಲ.

ಫ್ರೀ ತಾನೇ ಬಂದು ಗದರಿದ: "ಹಳೆಯ ಕೋಣೆಗಳನ್ನು ಯಾಕೆ ಒಪ್ಪಿಸಿಲ್ಲ?"

"ನಿಮ್ಮ ಹೆಸರೇ ಫ್ರೀ ಅಲ್ಲವೇ ಸ್ವಾಮಿ? ಬಿಟ್ಟಿ ಸಿಕ್ಕಿದ್ದನ್ನು ಯಾರಾದರೂ ಹಿಂದಿರುಗಿಸುತ್ತಾರೆಯೇ?" ಎಂದ ಪಾಯಿಂಟರ್.

"ಮೂರ್ಖ! ಫ್ರೀ ಎಂದರೆ ಬಿಟ್ಟಿ ಅಲ್ಲ, ಬಿಟ್ಟುಕೊಡು ಎಂದು. ವಿಳಾಸಗಳನ್ನು ಕೊಡು, ನಾನೇ ಬಿಡಿಸಿಕೊಳ್ಳುತ್ತೇನೆ."

"ಹೊಸ ವಿಳಾಸ ಬಂದಾಗಲೆಲ್ಲ ಹಳೆಯದನ್ನು ಅಳಿಸಿಬಿಟ್ಟೆ."

"ಹಾಗಾದರೆ ಆ ಕೋಣೆಗಳು ನಿನಗೂ ಇಲ್ಲ, ಬೇರೆ ಯಾರಿಗೂ ಇಲ್ಲ! ದೋಣಿಗಳು ಇನ್ನೂ ಕಡಲಲ್ಲಿವೆಯಲ್ಲೋ!" ಎಂದು ಫ್ರೀ ಕಿರುಚಿದ.

ಅಷ್ಟರಲ್ಲಿ ಬಿರುಗಾಳಿಯ ಅಳತೆ ಬಂತು. ಅದನ್ನು ಕೋಣೆಯಲ್ಲಿಟ್ಟರೆ ಮಾತ್ರ ಎಚ್ಚರಿಕೆಯ ಸೈರನ್ ಕೂಗುತ್ತಿತ್ತು. "ಬೇಗ ಒಂದು ಕೋಣೆ ಕೊಡಣ್ಣಾ" ಎಂದು ಪಾಯಿಂಟರ್ ಮ್ಯಾಲಾಕ್‌ನ ಮುಂದೆ ಕೈಚಾಚಿದ. ಇಡೀ ಮೆಮೊರಿಯಲ್ಲಿ ಜಾಗವಿರಲಿಲ್ಲ. ಮ್ಯಾಲಾಕ್ ಕೊಟ್ಟ ವಿಳಾಸ ಸೊನ್ನೆ, ಅಂದರೆ ಕೋಣೆಯೇ ಇಲ್ಲ. ಸೈರನ್ ಕೂಗಲಿಲ್ಲ.