ಠಾಣೆಯ ಆಯುಧಪೂಜೆ

ಆಯುಧಪೂಜೆಯ ದಿನ ಅಗ್ನಿಶಾಮಕ ಠಾಣೆಯ ಕೆಂಪು ಲಾರಿ ಚೆಂಡುಹೂವಿನ ಹಾರ ಹಾಕಿಸಿಕೊಂಡು ಮದುಮಗನ ಹಾಗೆ ನಿಂತಿತ್ತು. ಆರತಿ ತಟ್ಟೆಯ ಕರ್ಪೂರದ ಉರಿ ಕೇಳಿತು: "ನಾನಿಲ್ಲದಿದ್ದರೆ ನಿನಗೆ ಕೆಲಸವೆಲ್ಲಿತ್ತಯ್ಯ?"

"ಅಯ್ಯೋ, ಈ ವರ್ಷ ಬಾವಿಗೆ ಬಿದ್ದ ಎಮ್ಮೆ ಎತ್ತಿದೆ, ಗಾಳಿಪಟದ ದಾರಕ್ಕೆ ಸಿಕ್ಕಿದ ಹದ್ದು ಬಿಡಿಸಿದೆ, ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಬುದ್ಧಿ ಹೇಳಿದೆ. ಅಲ್ಲೆಲ್ಲ ನಿನ್ನನ್ನು ಯಾರು ಕರೆದಿದ್ದರು?" ಎಂದಿತು ಲಾರಿ.

ಉರಿಗೆ ರೇಗಿತು. ಎಗರಿ ಲಾರಿಯ ಬಣ್ಣದ ಕಾಗದದ ತೋರಣಕ್ಕೇ ಬಾಯಿ ಹಾಕಿತು. ಲಾರಿ ನೀರು ಬಿಡೋಣವೆಂದರೆ ಪೈಪಿಗೆ ಹೂವಿನ ಸರ ಸುತ್ತಿ ಗಂಟು ಹಾಕಿದ್ದರು. ಕೊನೆಗೆ ಮೂಲೆಯಲ್ಲಿ ಊದುಬತ್ತಿ ಸಿಕ್ಕಿಸಿಕೊಂಡು ಕೂತಿದ್ದ ಮರಳಿನ ಬಕೆಟ್ಟೇ ಓಡಿಬಂದು ಮರಳು ಸುರಿದು ಬೆಂಕಿ ಆರಿಸಿತು.

"ಅಣ್ಣ, ವರ್ಷದ ಕೆಲಸಕ್ಕೆ ಇದನ್ನೂ ಸೇರಿಸಿಕೋ," ಎಂದಿತು ಬಕೆಟ್ಟು. "ವಿಳಾಸ ಮಾತ್ರ ಯಾರಿಗೂ ಹೇಳಬೇಡ."