ವರ್ತಕ ಕೊಂಡ ಗುಡ್ಡ

ನನ್ನ ಹಳೆಯ ದಿನಚರಿಯಲ್ಲಿ ೧೯೫೬ನೇ ಇಸವಿ ಮಾರ್ಚ್ ೧೧, ಭಾನುವಾರದ ಪುಟ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ: "ಬುದ್ಧೀ, ಯಾರಿಗೂ ನೋವು ಮಾಡದವನಿಗೂ ಪಶ್ಚಾತ್ತಾಪ ಪಡುವ ಕಾಲ ಬರುತ್ತದೆಯೇ?"

ನಮ್ಮ ಮಠದ ಗುರುಗಳನ್ನು ಹಾಗೆ ಕೇಳಿದವರು ಗುರುಪಾದಪ್ಪನವರು. ಮಠದ ಉಚಿತ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುತ್ತಿದ್ದವರು. ಹುಡುಗರ ಮೇಲೆ ಕೈ ಮಾಡುವುದಿರಲಿ, ಗದರಿದವರೂ ಅಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆ ವಾರ ಒಬ್ಬ ಹುಡುಗನ ತಂದೆ ಬಂದು, "ನಿಮ್ಮ ಒಳ್ಳೆಯತನವೇ ನನ್ನ ಮಗನನ್ನು ಕೆಡಿಸಿತು" ಎಂದು ಹೇಳಿ ಹೋಗಿದ್ದರು. ಆ ಮಾತು ಗುರುಪಾದಪ್ಪನವರ ಮನಸ್ಸಿನಲ್ಲಿ ನಾಟಿತ್ತು.

ಉತ್ತರವಾಗಿ ಗುರುಗಳು ಒಂದು ಕತೆ ಹೇಳಿದರು. ನಾನೂ ಅಲ್ಲೇ ಕುಳಿತಿದ್ದೆ. ನಾನು ಬಿ.ಎ. ಓದಿದವಳು. ಕೇಳಿದ್ದನ್ನು ಅಂದೇ, ಕೂಡಿಸದೆ ಕಳೆಯದೆ ಬರೆದಿಡುವುದು ನನ್ನ ಪದ್ಧತಿ. ಇಲ್ಲಿಯೂ ಹಾಗೆಯೇ ಕೊಡುತ್ತಿದ್ದೇನೆ.

*

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಬಟ್ಟೆಯ ವ್ಯಾಪಾರ ಅವನ ಕಸುಬು. ಬೇಟೆ ಅವನ ಹುಚ್ಚು. ಆದರೆ ಕಾಡೆಲ್ಲ ಅರಸನದು. ಅರಸನ ಅಧಿಕಾರಿ ಕರೆದಾಗ ಮಾತ್ರ ವರ್ತಕ ಬೇಟೆಗೆ ಹೋಗಬಹುದಿತ್ತು. ಜಿಂಕೆ ಎದುರಿಗೆ ಬಂದರೆ ಮೊದಲ ಗುಂಡು ಅಧಿಕಾರಿಯದು. ಎರಡನೆಯದು ಅಧಿಕಾರಿಯ ಭಾವಮೈದುನನದು. ವರ್ತಕನ ಸರದಿ ಬರುವ ಹೊತ್ತಿಗೆ ಜಿಂಕೆ ಗುಡ್ಡದ ಆಚೆ ಇರುತ್ತಿತ್ತು.

ಇದರಿಂದ ಬೇಸತ್ತು ವರ್ತಕ ತನ್ನದೇ ಒಂದು ಬೇಟೆಯ ನೆಲ ಬೇಕೆಂದು ನಿಶ್ಚಯಿಸಿದ. ಊರೂರು ಸುತ್ತಿದ. ತೋರಿಸಿದವರೆಲ್ಲ ಒಳ್ಳೆಯ ಹೊಲಗಳನ್ನೇ ತೋರಿಸಿದರು. ಅವನಿಗೆ ಹೊಲ ಬೇಕಿರಲಿಲ್ಲ. ಕೊನೆಗೆ ಅರಸನ ಕಾಡಿನ ಅಂಚಿನಲ್ಲಿ ಒಬ್ಬ ರೈತನ ಗುಡ್ಡವನ್ನು ಕಂಡ. ಮೇಲೆಲ್ಲ ಕಲ್ಲು, ಕೆಳಗೊಂದು ಒಣಗಿದ ಹಳ್ಳ. ಹಳ್ಳದ ಮರಳಿನಲ್ಲಿ ಜಿಂಕೆಯ ಗೊರಸಿನ ಗುರುತು ಇತ್ತು. ವರ್ತಕ ಅಲ್ಲೇ ಕುಳಿತುಬಿಟ್ಟ.

"ಇದನ್ನು ಕೊಡುತ್ತೀಯಾ?" ಎಂದು ಕೇಳಿದ.

"ಸಾಹುಕಾರರೇ, ಇಲ್ಲಿ ಹುರುಳಿಯೂ ಸರಿಯಾಗಿ ಏಳುವುದಿಲ್ಲ. ಆಮೇಲೆ ಮೋಸ ಮಾಡಿದ ಅನ್ನಬಾರದು."

"ನನಗೆ ಬೆಳೆ ಬೇಡ. ಜಿಂಕೆ ಬೇಕು."

ರೈತ ನಕ್ಕ. "ಜಿಂಕೆಗೆ ಬೆಲೆ ಕಟ್ಟುವುದಿಲ್ಲ. ಎಲ್ಲವನ್ನೂ ತೆಗೆದುಕೊಂಡು ಹೋಗಿ. ನನ್ನ ಕೆಳಗಿನ ಹೊಲವಾದರೂ ಉಳಿಯುತ್ತದೆ."

ಗುಡ್ಡ ವರ್ತಕನದಾಯಿತು.

ಅವನು ಕೆಲಸ ಬಲ್ಲವನು. ಜಿಂಕೆಗೆ ಏನು ಬೇಕು ಎಂದು ತಿಳಿದುಕೊಂಡು, ಅದನ್ನೇ ಮಾಡಿದ. ಹಳ್ಳಕ್ಕೆ ಅಡ್ಡ ಕಟ್ಟೆ ಹಾಕಿಸಿದ. ಮಳೆಗಾಲದಲ್ಲಿ ನಿಂತ ನೀರು ಬೇಸಿಗೆಯವರೆಗೂ ಉಳಿಯಿತು. ಕಳ್ಳಿ, ಮುಳ್ಳು ಕಡಿಸಿ ಹುಲ್ಲಿಗೆ ಜಾಗ ಮಾಡಿದ. ಆದರೆ ಎಲ್ಲವನ್ನೂ ಕಡಿಸಲಿಲ್ಲ. ಮರಿ ಹಾಕುವ ಜಿಂಕೆಗೆ ಮರೆ ಬೇಕು ಎಂದು ಅಲ್ಲಲ್ಲಿ ಪೊದೆಗಳನ್ನು ಬಿಟ್ಟ. ನೆಲ್ಲಿ ನೆಡಿಸಿದ, ಎಲಚಿ ನೆಡಿಸಿದ. ಕಾಡುಕಿಚ್ಚು ದಾಟಬಾರದೆಂದು ಸುತ್ತಲೂ ಹುಲ್ಲು ಸವರಿಸಿ ಬರಿ ನೆಲದ ಪಟ್ಟಿ ಮಾಡಿಸಿದ. ಕಟ್ಟೆಯ ಬಳಿ ಒಂದು ಚಪ್ಪಟೆ ಬಂಡೆಯ ಮೇಲೆ ಉಪ್ಪಿನ ಹೆಂಟೆ ಇಡಿಸಿದ.

ಜಿಂಕೆಗಳು ಬಂದವು. ಮೊದಲು ಕತ್ತಲಲ್ಲಿ, ಆಮೇಲೆ ಸಂಜೆ ಹೊತ್ತಿನಲ್ಲಿ.

ವರ್ತಕ ತನಗೆ ತಾನೇ ಒಂದು ಕಟ್ಟು ಹಾಕಿಕೊಂಡಿದ್ದ. ವರ್ಷಕ್ಕೆ ಒಂದೇ ಜಿಂಕೆ. ಅದೂ ಗಂಡು. ಹೆಚ್ಚು ಹೊಡೆಯುವುದಿಲ್ಲ, ಬಿಡುವುದೂ ಇಲ್ಲ. ಆ ವರ್ಷ ಚಳಿ ಇಳಿದ ಮೇಲೆ ಅವನು ಕೋವಿ ಹಿಡಿದು ಬಂಡೆಯ ಹಿಂದೆ ಕುಳಿತ. ಒಂದು ಗಂಡು ಜಿಂಕೆ ನೀರಿಗೆ ಬಂತು. ಹಿಂದೆ ಹೆಣ್ಣುಗಳು ಬಂದವು. ವರ್ತಕ ಗುರಿ ಇಟ್ಟ. ಜಿಂಕೆ ತಲೆ ಎತ್ತಿ ಗಾಳಿ ಮೂಸಿತು. ಇನ್ನೊಂದು ಚಣವಾಗಿದ್ದರೆ ಅದು ಓಡಿಬಿಡುತ್ತಿತ್ತು. ಅಷ್ಟರಲ್ಲಿ ಅವನೇ ಕೋವಿ ಇಳಿಸಿದ. ಈಗತಾನೆ ಬರತೊಡಗಿವೆ, ಸದ್ದು ಮಾಡಿದರೆ ಹೋಗಿಬಿಡುತ್ತವೆ, ಮುಂದಿನ ವರ್ಷ ನೋಡೋಣ ಎಂದುಕೊಂಡ.

ಬರಿಗೈಯಲ್ಲಿ ಮನೆಗೆ ಬಂದ ಗಂಡನನ್ನು ನೋಡಿ ಹೆಂಡತಿ ಕೇಳಿದಳು. "ಮಸಾಲೆ ಅರೆದಿಟ್ಟು ಕಾದೆ. ಎಲ್ಲಿ ನಿಮ್ಮ ಜಿಂಕೆ?"

"ಬೆಳೆಯಲಿ ಅಂತ ಬಿಟ್ಟೆ."

"ಓಹೋ. ಹಾಗಾದರೆ ಇವತ್ತು ಬದನೆಕಾಯಿ. ಅದು ಬೆಳೆದಿದೆ."

ಮುಂದಿನ ವರ್ಷ ಹಿಂಡು ದೊಡ್ಡದಾಗಿತ್ತು. ಅಷ್ಟು ದಿನ ವರ್ತಕ ಸಂಜೆಯಾದರೆ ಕಟ್ಟೆಯ ಬಳಿ ಕುಳಿತಿರುತ್ತಿದ್ದ. ಅವನ ವಾಸನೆ ಜಿಂಕೆಗಳಿಗೆ ಪರಿಚಯವಾಗಿತ್ತು. ಅವನು ಕೆಮ್ಮಿದರೆ ಕಿವಿ ನಿಮಿರಿಸಿ ನೋಡುತ್ತಿದ್ದವು, ಓಡುತ್ತಿರಲಿಲ್ಲ. ಆ ಗಂಡು ಜಿಂಕೆ ಎಷ್ಟು ಹತ್ತಿರ ಬಂತೆಂದರೆ ಅದರ ರೆಪ್ಪೆ ಬಡಿಯುವುದು ಕಾಣುತ್ತಿತ್ತು. ಇಷ್ಟು ಹತ್ತಿರ ನಿಂತದ್ದನ್ನು ಹೊಡೆಯುವುದು ಬೇಟೆಯಲ್ಲ ಎಂದು ವರ್ತಕನಿಗೆ ತೋರಿತು. ಕೋವಿಯನ್ನು ಪಕ್ಕಕ್ಕಿಟ್ಟ. ಮರುದಿನ ಬರುವಾಗ ಅದನ್ನು ತರಲೇ ಇಲ್ಲ. ಕೈಯಲ್ಲಿ ಉಪ್ಪು ಹಿಡಿದು ಬಂದ. ಬಹಳ ಹೊತ್ತು ಮುಷ್ಟಿ ಚಾಚಿ ಕುಳಿತ. ಒಂದು ಎಳೆಯ ಜಿಂಕೆ ಬಂದು ಅವನ ಬೆರಳು ನೆಕ್ಕಿತು.

ಅಂದಿನಿಂದ ಅವನು ಬೇಟೆಯ ಮಾತೆತ್ತಲಿಲ್ಲ. ಬೇಟೆಯಲ್ಲಿ ಸಿಗದ ಸುಖ ಅವನಿಗೆ ಸಿಕ್ಕಿತ್ತು. ಪಟ್ಟಣದಲ್ಲಿ ಅವನನ್ನು ಕಂಡರೆ ಸಾಲಗಾರರು ಗಲ್ಲಿ ಬದಲಿಸುತ್ತಿದ್ದರು. ಆಳುಗಳು ಮಾತು ನಿಲ್ಲಿಸುತ್ತಿದ್ದರು. ಗುಡ್ಡದಲ್ಲಿ ಮಾತ್ರ ಯಾರೂ ಅವನಿಗೆ ಹೆದರುತ್ತಿರಲಿಲ್ಲ.

ಆ ಮೇಲೆ ಅವನು ಮಾಡಿದ್ದೆಲ್ಲ ಜಿಂಕೆಗಳಿಗೆ ಭಯವೇ ಇರಬಾರದೆಂದು. ಗುಡ್ಡದಲ್ಲಿ ಒಂದು ಚಿರತೆಯಿತ್ತು. ತಮಟೆ ಬಡಿಸಿ ಅದನ್ನು ದೂರದ ಕಾಡಿಗೆ ಓಡಿಸಿದ. ಪಕ್ಕದ ಹಟ್ಟಿಯ ನಾಯಿಗಳನ್ನು ಕಟ್ಟಿಹಾಕಿಸಿದ. ಅರಸನ ಕಾಡಿನಿಂದ ಬೇಟೆಯ ಸದ್ದು ಕೇಳಬಾರದೆಂದು ಅಧಿಕಾರಿಗೆ ರೇಷ್ಮೆಯ ಪೇಟ ಕೊಟ್ಟು, ಆ ಕಡೆ ಬೇಟೆಗೆ ಬರದಂತೆ ಮಾತು ತೆಗೆದುಕೊಂಡ.

ಗುಡ್ಡ ಮಾರಿದ ರೈತ ಒಂದು ದಿನ ಬಂದ.

"ಸಾಹುಕಾರರೇ, ಒಂದು ಗುಂಡಾದರೂ ಹಾರಿಸಿ. ಆಕಾಶಕ್ಕೆ ಹಾರಿಸಿದರೂ ಸಾಕು. ನಿಮ್ಮ ಜಿಂಕೆಗಳು ಹಾಡಹಗಲೇ ನನ್ನ ಹೊಲಕ್ಕೆ ಬರುತ್ತವೆ. ಕೂಗಿದರೆ ತಲೆಯೆತ್ತಿ ನೋಡುತ್ತವೆ. ಏನು ಬೇಕಿತ್ತು ಅಂತ ನನ್ನನ್ನೇ ಕೇಳುವ ಹಾಗೆ. ಆಮೇಲೆ ಮತ್ತೆ ಮೇಯುತ್ತವೆ."

"ಬೆಳೆ ಹೋದಷ್ಟೂ ನಾನು ತುಂಬಿಕೊಡುತ್ತೇನೆ."

"ನೀವು ಕೊಡುತ್ತೀರಿ, ಸರಿ. ಆದರೆ ನನ್ನ ಹೊಲದಲ್ಲಿ ನಾನು ಕೂಗಲೂ ಬಾರದೇ?"

"ಅದಕ್ಕೂ ಸೇರಿಸಿ ಕೊಡುತ್ತೇನೆ. ಕೂಗಬೇಡ."

ರೈತ ಒಪ್ಪಿದ. ಅವನಿಗೆ ಅದು ಲಾಭದ ಮಾತಾಗಿತ್ತು. ಗುಡ್ಡದ ಸುತ್ತ ಕೂಗು ನಿಂತಿತು.

ಪಟ್ಟಣದಿಂದ ನೆಂಟರು, ಸ್ನೇಹಿತರು ನೋಡಲು ಬರತೊಡಗಿದರು. ವರ್ತಕ ಅವರನ್ನು ಕಟ್ಟೆಯ ಬಳಿ ಕರೆದೊಯ್ಯುತ್ತಿದ್ದ. ಕೈ ಚಾಚಲು ಹೇಳುತ್ತಿದ್ದ. ಜಿಂಕೆಗಳು ಬಂದು ಎಲ್ಲರ ಕೈಯನ್ನೂ ನೆಕ್ಕುತ್ತಿದ್ದವು. ಒಬ್ಬ ಸ್ನೇಹಿತ ನಕ್ಕು, "ಇವು ಜಿಂಕೆಯೋ ಕೊಂಬು ಬಂದ ಮೇಕೆಯೋ?" ಎಂದ. ವರ್ತಕನೂ ನಕ್ಕ. ಅವನಿಗೆ ಅದು ಹೊಗಳಿಕೆಯಂತೆ ಕೇಳಿಸಿತು.

ಹೀಗೆ ಕೆಲವು ವರ್ಷ ಕಳೆದವು. ಗುಡ್ಡದಲ್ಲಿ ಹುಟ್ಟಿದ ಮರಿಗಳು ಮರಿ ಹಾಕಿದವು. ಅವುಗಳಲ್ಲಿ ಒಂದೂ ಗುಂಡಿನ ಸದ್ದು ಕೇಳಿರಲಿಲ್ಲ. ನಾಯಿ ಬೆನ್ನಟ್ಟಿದ್ದು ಒಂದಕ್ಕೂ ಗೊತ್ತಿರಲಿಲ್ಲ. ಮನುಷ್ಯನೆಂದರೆ ಉಪ್ಪು ಎಂದಷ್ಟೇ ಅವು ತಿಳಿದಿದ್ದವು.

ಒಂದು ಬೇಸಿಗೆಯಲ್ಲಿ ವರ್ತಕ ವ್ಯಾಪಾರಕ್ಕೆಂದು ದೂರದ ರೇವುಪಟ್ಟಣಕ್ಕೆ ಹೋದ. ಅವನು ಅಲ್ಲಿರುವಾಗ ಗಡಿಯಲ್ಲಿ ಯುದ್ಧ ನಡೆದು ಮುಗಿಯಿತು. ಅರಸನ ಸೈನ್ಯ ಆ ದಾರಿಯಲ್ಲಿ ಹಿಂದಿರುಗಿತು. ಬೇಸಿಗೆಯಲ್ಲೂ ನೀರಿರುವ ಕಟ್ಟೆ ಆ ದಾರಿಯಲ್ಲಿ ಅದೊಂದೇ. ಸೈನ್ಯ ಅಲ್ಲಿ ಬಿಡಾರ ಹೂಡಿತು.

ಇದಾವುದೂ ವರ್ತಕನಿಗೆ ಗೊತ್ತಿಲ್ಲ. ಊರಿಗೆ ಮರಳಿದವನು ಮನೆಗೂ ಹೋಗದೆ, ಉಪ್ಪಿನ ಚೀಲ ಹೊತ್ತ ಕತ್ತೆಯೊಂದಿಗೆ ನೇರ ಗುಡ್ಡಕ್ಕೆ ಬಂದ. ಕಟ್ಟೆಯ ಏರಿಯ ಮೇಲೆ ಒಬ್ಬ ಸಿಪಾಯಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ. ಗಾಯ ಮಾಯುವವರೆಗೆ ಇಲ್ಲಿರು ಎಂದು ಅವನನ್ನು ಬಿಟ್ಟು ಸೈನ್ಯ ಮುಂದೆ ಹೋಗಿತ್ತು. ಸುತ್ತಲೂ ಒಲೆಯ ಕಲ್ಲುಗಳು, ಬೂದಿ.

ಸಿಪಾಯಿಗೆ ಮಾತಾಡಲು ಜನ ಸಿಕ್ಕಂತಾಯಿತು.

"ಬನ್ನಿ ಯಜಮಾನರೇ, ಕುಳಿತುಕೊಳ್ಳಿ. ನೀವೂ ಈ ಕಡೆಯವರೇ? ಈ ಜಾಗದ ಒಡೆಯ ಯಾರೋ ನಿಮಗೆ ಗೊತ್ತೇ?"

ವರ್ತಕ ಕತ್ತೆಯ ಹಗ್ಗ ಹಿಡಿದೇ ಏರಿಯ ಮೇಲೆ ಕುಳಿತ.

"ಯಾರೋ ಪುಣ್ಯಾತ್ಮ. ನಾವು ಬರುವಾಗ ಹೊಟ್ಟೆಗೆ ಏನೂ ಇರಲಿಲ್ಲ. ಸಾಮಾನಿನ ಗಾಡಿಗಳೆಲ್ಲ ಹಿಂದೆಯೇ ಉಳಿದಿದ್ದವು. ಬೂಟಿನ ಚರ್ಮ ಬೇಯಿಸೋಣ ಅಂತ ತಮಾಷೆ ಮಾಡುತ್ತಿದ್ದೆವು. ಇಲ್ಲಿಗೆ ಬಂದರೆ ನೀರು, ನೆರಳು, ಮೇಲೆ ಜಿಂಕೆ! ನಮ್ಮವನೊಬ್ಬ ಕೋವಿ ಎತ್ತಿದ. ಅಷ್ಟರಲ್ಲಿ ಇನ್ನೊಬ್ಬ, 'ತಡಿ ತಡಿ, ಇವು ಯಾರೋ ಸಾಕಿದವು, ನಮ್ಮ ಕಡೆಗೇ ಬರುತ್ತಿವೆ' ಅಂದ. ನಿಜವಾಗಿಯೂ ಬಂದವು, ಯಜಮಾನರೇ. ಮದ್ದು ಗುಂಡು ಯಾವುದೂ ಖರ್ಚಾಗಲಿಲ್ಲ. ಮುಷ್ಟಿ ಚಾಚಿದರೆ ಬಂದು ಮೂತಿ ಇಡುತ್ತಿದ್ದವು. ಇನ್ನೊಂದು ಕೈಯಲ್ಲಿ ಕತ್ತಿ."

"ಮುಷ್ಟಿಯಲ್ಲಿ ಏನಿತ್ತು?" ಎಂದು ವರ್ತಕ ಕೇಳಿದ.

"ಏನೂ ಇರಲಿಲ್ಲ."

ವರ್ತಕ ಮತ್ತೆ ಕೇಳಿದ. "ಒಂದನ್ನು ಕೊಂದಾಗ ಉಳಿದವು ಓಡಲಿಲ್ಲವೇ?"

"ಅದೇ ಆಶ್ಚರ್ಯ. ಕೆಲವು ಬೆದರಿ ಒಂದಿಷ್ಟು ದೂರ ಹೋದವು. ಅಲ್ಲಿ ನಿಂತು ನೋಡಿದವು. ನಾವು ಮತ್ತೆ ಮುಷ್ಟಿ ಚಾಚಿದೆವು. ತಿರುಗಿ ಬಂದವು." ಸಿಪಾಯಿ ಕಾಲನ್ನು ನಿಧಾನವಾಗಿ ಎತ್ತಿ ಕಲ್ಲಿನ ಮೇಲಿಟ್ಟುಕೊಂಡ. "ಸೈನ್ಯಕ್ಕೆಲ್ಲ ಊಟವಾಯಿತು. ದಾರಿಹೋಕರ ಹಸಿವಿಗೆ ಅಂತಲೇ ಸಾಕಿದ್ದನೇನೋ ಆ ಮಹಾರಾಯ. ಅವನು ಸಿಕ್ಕರೆ ಹೇಳಿ, ನಮ್ಮ ದಂಡೆಲ್ಲ ಅವನನ್ನು ಹರಸಿ ಹೋಯಿತು ಅಂತ."

ವರ್ತಕ ಎದ್ದು ಗುಡ್ಡವನ್ನೆಲ್ಲ ಸುತ್ತಿದ. ಪೊದೆಪೊದೆಯನ್ನೂ ಬಗ್ಗಿ ನೋಡಿದ. ನಾಲಗೆಯಿಂದ ಸದ್ದು ಮಾಡಿ ಕರೆದ. ಕತ್ತೆ ಮಾತ್ರ ಕಿವಿ ನಿಮಿರಿಸಿತು. ಅವನು ಉಪ್ಪಿನ ಚೀಲವನ್ನು ಸಿಪಾಯಿಯ ಬಳಿಯೇ ಬಿಟ್ಟು ಮನೆಗೆ ಬಂದ.

ಹೆಂಡತಿ ಅವನ ಮುಖ ನೋಡಿ ಊಟಕ್ಕೆ ಬಡಿಸಿದಳು. ಅವನೇ ಹೇಳಿದ. "ಗುಡ್ಡ ಇದೆ. ಕಟ್ಟೆಯಲ್ಲಿ ನೀರಿದೆ. ನೆಲ್ಲಿ ಕಾಯಿ ಬಿಟ್ಟಿದೆ. ನಾನು ಮಾಡಿದ್ದು ಯಾವುದೂ ಹಾಳಾಗಿಲ್ಲ."

"ಮತ್ತೆ?"

"ಜಿಂಕೆ ಇಲ್ಲ."

ಮುಂದಿನ ವರ್ಷವೂ ಅವನು ಹೋಗಿ ಕುಳಿತ. ಅದರ ಮುಂದಿನ ವರ್ಷವೂ ಕುಳಿತ. ಅಧಿಕಾರಿ ಕೊಟ್ಟ ಮಾತಿಗೆ ಸೇರದಷ್ಟು ದೂರದ ಮೇಲಿನ ಕಾಡಿನಲ್ಲಿ ಜಿಂಕೆಗಳಿದ್ದವು. ಅಧಿಕಾರಿ ಅಲ್ಲಿ ಆಗಾಗ ಬೇಟೆಯಾಡುತ್ತಲೇ ಇದ್ದ, ಅವು ಅವನಿಗೆ ಸಿಕ್ಕಷ್ಟು ಸಿಕ್ಕಿ, ಉಳಿದಷ್ಟು ಉಳಿದಿದ್ದವು. ಕೆಲವು ಗುಡ್ಡದ ಅಂಚಿಗೆ ಬರುತ್ತಿದ್ದವು. ನೀರಿನ ಕಡೆ ಮೂಗು ಚಾಚುತ್ತಿದ್ದವು. ಬಂಡೆಯ ಬಳಿ ಮನುಷ್ಯನನ್ನು ಕಂಡು ಹಿಂದಕ್ಕೆ ನೆಗೆದು ಮಾಯವಾಗುತ್ತಿದ್ದವು. ಅವು ಹಾಗೆ ಓಡುವುದನ್ನು ವರ್ತಕ ಕಣ್ಣಿಗೆ ಕಾಣುವಷ್ಟು ದೂರ ನೋಡುತ್ತಿದ್ದ.

*

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದಪ್ಪನವರು ಸಮಾಧಾನ ಹುಡುಕುವವರ ಹಾಗೆ ಕೇಳಿದರು. "ಆದರೂ ಬುದ್ಧೀ, ಅವನ ಕೈಯಿಂದ ಒಂದು ಜೀವವೂ ಹೋಗಲಿಲ್ಲವಲ್ಲ?"

"ಹೋಗಲಿಲ್ಲ. ಮೊದಲ ವರ್ಷ ಒಂದು ಹೋಗಿದ್ದರೆ, ಹಿಂಡಿಗೆ ಹಿಂಡೇ ಹೋಗುತ್ತಿರಲಿಲ್ಲ" ಎಂದರು ಗುರುಗಳು.

ಮಾಂಸದ ಹೆಸರು ಎತ್ತದ ಮಠದಲ್ಲಿ, ಇರುವೆಯನ್ನು ದಾಟಿ ನಡೆಯುವ ಗುರುಗಳ ಬಾಯಿಂದ ಆ ಮಾತು ಬಂದಿತ್ತು. ಗುರುಪಾದಪ್ಪನವರು ಎದ್ದು ವಿದ್ಯಾರ್ಥಿನಿಲಯದ ಕಡೆ ನಡೆದರು.