ಆ ಕಡೆಯ ಗಾಲಿ

“ಅವ್ವಾ, ಕೋಪ ಬಿಟ್ಟೆ. ಆದರೂ ಮನಸ್ಸು ಯಾಕೆ ಮೇಲೇರುವುದಿಲ್ಲ?”

ಕೇಳಿದವನು ಮರಿಸ್ವಾಮಿ, ಬೆಟ್ಟದ ಬುಡದ ಮಠದ ಶಿಷ್ಯ. ಆ ಮಠದಲ್ಲಿ ಗುರುವಿನ ಗದ್ದುಗೆಗೆ ಒಡತಿ ಒಬ್ಬ ಮುದುಕಿ. ಊರಿಗೆಲ್ಲ ಅವಳು ಅವ್ವ. ಆ ಹೊತ್ತಿನಲ್ಲಿ ಅವಳು ಗದ್ದುಗೆ ಬಿಟ್ಟು ದಾಸೋಹದ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ಯಾರ ಮೇಲಿನ ಕೋಪ?”

“ನಮ್ಮಕ್ಕನ ಮೇಲಿನದು. ಅಪ್ಪ ಸತ್ತ ದಿನ ಅವಳು ಆಡಿದ ಒಂದು ಮಾತಿಗೆ ಅವಳ ಹೊಸ್ತಿಲು ತುಳಿಯುವುದನ್ನೇ ಬಿಟ್ಟೆ. ಈಗ ನನ್ನ ಮನಸ್ಸಿನಲ್ಲಿ ಏನೂ ಇಲ್ಲ. ಪೂಜೆಗೆ ಕೂತಾಗ ಅವಳ ಹೆಸರಿನಲ್ಲಿ ಒಂದು ಹೂವನ್ನೂ ಇಡುತ್ತೇನೆ. ಇದ್ದಬದ್ದ ಬಲವನ್ನೆಲ್ಲ ಹಾಕಿ ಧ್ಯಾನ ಮಾಡುತ್ತೇನೆ. ಗಾಣದೆತ್ತಿನ ಹಾಗೆ ಇದ್ದಲ್ಲೇ ಇದ್ದೇನೆ. ಹಾಕಿದ ಬಲವೆಲ್ಲ ಎಲ್ಲಿಗೆ ಹೋಗುತ್ತದೆ ಅವ್ವಾ?”

ಅವ್ವನ ಕೈ ನಿಂತಿತು. ಕಣ್ಣು ಮಿನುಗಿದವು.

“ಬಲ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆಯಾ? ಅಯ್ಯೋ ಮಗಾ, ಅದಕ್ಕೊಂದು ಭಾರಿ ಕತೆ ಇದೆ! ಕೂತುಕೋ. ಸುಮ್ಮನೆ ಕೂರಬೇಡ, ಕಾಯಿ ಸುಲಿ.” ಮೊರವನ್ನು ಅವನತ್ತ ತಳ್ಳಿ ಹೇಳತೊಡಗಿದಳು.

ಒಬ್ಬ ಜೀಪಿನವನಿದ್ದ. ಬೆಟ್ಟದ ನೆತ್ತಿಯ ಊರಿಗೆ ಅವನದೊಂದೇ ಜೀಪು. ರಾಗಿ ಚೀಲ ಹತ್ತಬೇಕಾದರೂ ಅದೇ, ಬಾಣಂತಿ ಇಳಿಯಬೇಕಾದರೂ ಅದೇ. ನಾಲ್ಕು ಗಾಲಿಯೂ ಎಳೆಯುವ ಜೀಪು ಅದು. ಸಮದಾರಿಯಲ್ಲಿ ಹಿಂದಿನ ಎರಡು ಗಾಲಿ ನೂಕಿದರೆ ಸಾಕು, ಮುಂದಿನವು ಸುಮ್ಮನೆ ಉರುಳುತ್ತವೆ. ಏರು ಬಂತೋ, ಇನ್ನೊಂದು ಗೇರು ಎಳೆದರೆ ಮುಂದಿನವೂ ಸೊಂಟ ಕಟ್ಟಿ ನಿಲ್ಲುತ್ತವೆ. ಆ ಮುಂದಿನ ಗಾಲಿಗಳ ನಟ್ಟನಡುವೆ ಹಬ್ ಅಂತ ಒಂದೊಂದು ಗುಬುಟು ಇರುತ್ತದೆ. ಒಳಗೆ ತಿರುಗುವ ಸಲಾಕೆಯನ್ನು ಗಾಲಿಗೆ ಕೂಡಿಸುವುದೂ ಅದೇ, ಬಿಡಿಸುವುದೂ ಅದೇ. ಇವನ ಜೀಪಿನ ಹಬ್‌ಗಳು ತಾವಾಗಿಯೇ ಕೂಡಿಕೊಳ್ಳುವಂಥವು. ಇವನು ಸೀಟಿನಿಂದ ಏಳುವ ಕೆಲಸವೇ ಇರಲಿಲ್ಲ.

ಹೊಸದರಲ್ಲಿ ಚೆನ್ನಾಗಿತ್ತು. ವಯಸ್ಸಾದ ಮೇಲೆ ಅವಕ್ಕೆ ಮನಸ್ಸು ಬಂದರೆ ಉಂಟು, ಬಾರದಿದ್ದರೆ ಇಲ್ಲ. ಏರಿನ ನಡುವೆ ಜೀಪು ಒಂದು ಗೇಣು ಹಿಂದಕ್ಕೆ ಸರಿದರೆ ಸಾಕು, ಕಟಕ್ ಅಂತ ಕೈ ಬಿಟ್ಟುಬಿಡುತ್ತಿದ್ದವು. ಒಂದು ಸಲ ರಾಗಿ ಚೀಲದ ಸಮೇತ ಜಾರಿಕೊಂಡು ಹೋಗಿ ಹುಣಸೆಮರಕ್ಕೆ ಬೆನ್ನು ಕೊಟ್ಟು ನಿಂತಿತು. ಆ ಹುಣಸೆಮರ ಇಲ್ಲದಿದ್ದರೆ ಈ ಕತೆಯೂ ಇಲ್ಲ.

ಅವನಿಗೆ ಒಬ್ಬಳೇ ತಂಗಿ. ಅವಳಿಗೆ ಮದುವೆ ಗೊತ್ತಾಯಿತು. ಗಂಡು ಬಯಲಿನ ಊರಿನವನು. ಮದುವೆ ಬೆಟ್ಟದ ಮೇಲೆ, ಹೆಣ್ಣಿನ ಮನೆಯ ಅಂಗಳದಲ್ಲಿ. ತಂದೆ ಇಲ್ಲದ ಮನೆ. ಗಂಡನ್ನು ಹತ್ತಿಸಿಕೊಂಡು ಬರಬೇಕಾದವನು ಇವನೇ, ಧಾರೆ ಎರೆದುಕೊಡಬೇಕಾದವನೂ ಇವನೇ. ಆ ಮುಹೂರ್ತ ತಪ್ಪಿದರೆ ಮುಂದೆ ಆಷಾಢ. ಗಂಡಿನ ಕಡೆಯ ಹಿರಿಯರು ಅಪಶಕುನ ಅಂತ ಎದ್ದು ಹೋದರೆ ಕೇಳುವವರು ಯಾರು?

“ಈ ಹಬ್‌ಗಳನ್ನು ನಂಬಿ ಕೂತರೆ ನನ್ನ ತಂಗಿ ಹಸೆಮಣೆಯ ಮೇಲೇ ಮುದುಕಿಯಾಗುತ್ತಾಳೆ” ಅಂದುಕೊಂಡು ಅವನು ಜೀಪನ್ನು ಕೆಳಗಿನ ಪೇಟೆಯ ಗ್ಯಾರೇಜಿಗೆ ಇಳಿಸಿದ.

ಮೇಸ್ತ್ರಿ ಹಳೆಯ ಹಬ್‌ಗಳನ್ನು ಬಿಚ್ಚಿದ. ಒಳಗೆ ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿ ಕಟ್ಟಿತ್ತು. ಅದನ್ನೆಲ್ಲ ಕೆರೆದು ತೊಳೆದು, ಕೈಯಿಂದ ತಿರುಗಿಸುವ ಹೊಸ ಹಬ್ ಕೂರಿಸಿದ. ಅದರ ನಡುವೆ ಒಂದು ತಿರುಪು. ಬಿಗಿಯ ಕಡೆಗೆ ತಿರುಗಿಸಿದರೆ ಗಾಲಿಗೂ ಸಲಾಕೆಗೂ ಗಂಟು ಬಿತ್ತು; ಸಡಿಲದ ಕಡೆಗೆ ತಿರುಗಿಸಿದರೆ ಗಾಲಿ ತನ್ನ ಪಾಡಿಗೆ ತಾನು.

“ಏರು ಬಂದಾಗ ಕೆಳಗಿಳಿಯಬೇಕು,” ಅಂದ ಮೇಸ್ತ್ರಿ. “ಇಳಿದು ಎರಡೂ ಕಡೆ ತಿರುಗಿಸಬೇಕು. ಒಂದು ಕಡೆ ಬಿಟ್ಟರೆ…”

“ಒಂದು ಕಡೆ ಬಿಟ್ಟರೆ ಅರ್ಧ ಎಳೆಯುತ್ತದೆ. ಗೊತ್ತು ಬಿಡು ಮೇಸ್ತ್ರಿ, ನಾನೇನು ನಿನ್ನೆ ಮೊನ್ನೆ ಗಾಡಿ ಹಿಡಿದವನಾ?” ಎಂದವನೇ ಕೀಲಿ ಕಿತ್ತುಕೊಂಡು ಹೊರಟೇಬಿಟ್ಟ. ಮದುವೆ ಮನೆ ಮಗಾ, ಯಾರಿಗಿದೆ ಪುರುಸೊತ್ತು?

ಮದುವೆಯ ದಿನ ಬೆಳಕು ಹರಿಯುವುದಕ್ಕೂ ಮಳೆ ಹೊಡೆಯುವುದಕ್ಕೂ ಸರಿಹೋಯಿತು. ದಿಬ್ಬಣದ ಬಸ್ಸು ಬೆಟ್ಟದ ಬುಡದಲ್ಲೇ ನಿಂತಿತು. ಕಾಲು ಗಟ್ಟಿ ಇದ್ದವರು ಮಳೆ ನಿಂತ ಕೂಡಲೇ ಕಾಲುದಾರಿ ಹಿಡಿದರು. ಗಂಡು ಬುಡದ ಗುಡಿಯಲ್ಲಿ ಪೂಜೆ ಮುಗಿಸಿ, ಬಾಸಿಂಗ ಕಟ್ಟಿಸಿಕೊಂಡು ಜೀಪು ಹತ್ತಿದ. ಅವನ ಜೊತೆಗೆ ಅವನ ಸೋದರತ್ತೆ. ಮಂಡಿನೋವಿನ ಹೆಂಗಸು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಜೀಪಿನವನು ಉಟ್ಟಿದ್ದು ಹಾಲಿನಂಥ ಪಂಚೆ. ಧಾರೆಗೆ ಅಂತ ಅವನ ತಾಯಿ ತಾನೇ ಒಗೆದು, ಗಂಜಿ ಹಾಕಿ, ಮಡಿಸಿ ಇಟ್ಟಿದ್ದು. “ಒಂದು ಚುಕ್ಕೆ ಬಿದ್ದರೂ ಮಣೆ ಹತ್ತಿಸೋಲ್ಲ” ಅಂತ ಹೇಳಿ ಕಳಿಸಿದ್ದಳು.

ಜೀಪು ಒಂದೊಂದೇ ತಿರುವು ಹತ್ತಿತು. ಕಡೇ ಏರಿಗೆ ಬಂದಾಗ ಮೇಲಿನಿಂದ ಓಲಗ ಕೇಳಿಸಿತು. ಇನ್ನೇನು, ಇನ್ನೊಂದೇ ಏರು! ಆದರೆ ಆ ಏರು ಮಳೆಗೆ ನೆನೆದು ಕಲಸಿದ ಹಿಟ್ಟಾಗಿತ್ತು. ಹಿಂದಿನ ಗಾಲಿಗಳು ಜಾರಿದವು. ಜೀಪು ಪಕ್ಕಕ್ಕೆ ಸರಿದು ನಿಂತಿತು.

“ಹೆದರಬೇಡಿ, ಹೊಸ ಹಬ್ ಹಾಕಿಸಿದ್ದೇನೆ,” ಅಂತ ಅವನು ಠೀವಿಯಿಂದ ಕೆಳಗಿಳಿದ. ಅವನ ಬಾಗಿಲ ಕಡೆ ಬಂಡೆ, ಕೆಸರಿಲ್ಲದ ಗಟ್ಟಿ ನೆಲ. ಬಗ್ಗಿ ಆ ಗಾಲಿಯ ತಿರುಪನ್ನು ಬಿಗಿಗೆ ತಿರುಗಿಸಿದ. ಎದ್ದು ಆ ಕಡೆ ನೋಡಿದ. ಅತ್ತಲಿನ ಗಾಲಿ ಚರಂಡಿಗಿಳಿದು ಕೂತಿತ್ತು. ಮೇಲೆಲ್ಲ ಮುಳ್ಳಿನ ಪೊದೆ, ಕೆಳಗೆ ಸೊಂಟದವರೆಗೂ ಕೆಂಪು ಕೆಸರು. ಒಮ್ಮೆ ಚರಂಡಿ ನೋಡಿದ. ಒಮ್ಮೆ ಪಂಚೆ ನೋಡಿದ.

“ಅರ್ಧ ಎಳೆದರೂ ಈ ಏರಿಗೆ ಸಾಕು” ಅಂದುಕೊಂಡು ಬಂದು ಸೀಟಿನಲ್ಲಿ ಕೂತ. ಗೇರು ಎಳೆದ. ಹಿಂದಿನ ಗಾಲಿಗಳು ಭರ್ರೋ ಅಂತ ಕೆಸರು ಎರಚಿದವು. ಜೀಪು ಅಲ್ಲಾಡಲಿಲ್ಲ. ಇನ್ನಷ್ಟು ಒತ್ತಿದ. ಇನ್ನಷ್ಟು ಹೂತಿತು.

“ಮೇಸ್ತ್ರಿ ಮೋಸ ಮಾಡಿದ! ಹಳೇದೇ ಎಷ್ಟೋ ವಾಸಿಯಾಗಿತ್ತು!” ಅಂತ ಸ್ಟೇರಿಂಗಿಗೆ ಗುದ್ದಿದ.

ಗಂಡು ಮುಹೂರ್ತ ನೆನೆದು ಬೆವರಿದ. “ಭಾವ, ನಡೆದುಬಿಡಲಾ?” ಅಂದ.

“ಕಾಲುದಾರಿ ಕೆಳಗೇ ಉಳಿಯಿತು. ಈ ಜಾರಿನಲ್ಲಿ ನಡೆದು ಹತ್ತುವ ಹೊತ್ತಿಗೆ ಮುಹೂರ್ತ ಇಳಿದಿರುತ್ತದೆ.”

ಭಾರ ಕಡಿಮೆಯಾಗಲಿ ಅಂತ ಸೋದರತ್ತೆ ಕೆಳಗಿಳಿದಳು. ಅವಳು ಇಳಿದದ್ದೇ ಜೀಪು ಎರಡು ಬೆರಳು ಮೇಲೆದ್ದಿತು. ಅವಳು ಬಂಡೆಯ ಮೇಲೆ ನಿಂತು, ಸೆರಗು ಸಿಕ್ಕಿಸಿಕೊಂಡು, ಬೀಗರನ್ನು ಹಂಗಿಸುವ ಹಾಡೇ ಶುರು ಮಾಡಿದಳು:

“ಗಾಡಿ ಮಾಡಿದ ಬೀಗರಪ್ಪ, ಎಳೆಯೋದ್ಯಾರು ಹೇಳಿರಪ್ಪ!”

“ಅತ್ತೇ, ಈಗ ಹಾಡುವ ಹೊತ್ತಾ?” ಅಂತ ಗಂಡು ಗದರಿದ.

“ನೀನು ಬಾಸಿಂಗ ಹಿಡಿದುಕೋ, ಬಿದ್ದೀತು,” ಎಂದಳು. ಜೀಪಿನವನು ಮತ್ತೆ ಗೇರು ಎಳೆದ. ಅವಳು ಬಗ್ಗಿ ನೋಡಿದಳು. ಹಾಡು ನಿಂತಿತು. “ಅಲ್ಲಾ ಬೀಗರೇ, ಹಿಂದಿನ ಗಾಲಿಗಳು ಕುಣಿದು ಕುಣಿದು ಸಾಯುತ್ತಿವೆ. ಮುಂದಿನವು ಎರಡೂ ಮದುವೆಗೆ ಕರೆದಿಲ್ಲ ಅಂತ ಮುನಿಸಿಕೊಂಡು ಕೂತಿವೆಯಲ್ಲ!”

“ಎರಡೂ? ಈ ಕಡೆಯದಾದರೂ ತಿರುಗುತ್ತಿಲ್ಲವಾ? ಇದನ್ನು ಬಿಗಿ ಮಾಡಿದ್ದೇನಲ್ಲ!”

“ನನಗೆ ಮಂಡಿ ಹೋಗಿದೆ ಬೀಗರೇ, ಕಣ್ಣು ಹೋಗಿಲ್ಲ. ಎರಡೂ ನಿದ್ದೆ.”

ಅವನಿಗೆ ಮೇಸ್ತ್ರಿಯ ಅರ್ಧ ಮಾತು ಆಗ ಪೂರ್ತಿ ಕೇಳಿಸಿತು.

ಯಾಕೆ ಗೊತ್ತೇ ಮಗಾ? ಮುಂದಿನ ಎರಡು ಗಾಲಿಗಳ ನಡುವೆ ಬಲ ಹಂಚುವ ಒಂದು ಪೆಟ್ಟಿಗೆ ಇರುತ್ತದೆ. ಬಲವೂ ನಮ್ಮ ನಿಮ್ಮ ಹಾಗೆ ಸೋಮಾರಿ. ಯಾವ ಕಡೆ ಕೆಲಸವಿಲ್ಲವೋ ಆ ಕಡೆಗೇ ಓಡುತ್ತದೆ. ಚರಂಡಿಯ ಕಡೆ ಗಾಲಿ ನಿಂತಿತ್ತು, ಅದಕ್ಕೆ ಗಂಟು ಬೀಳದ ಸಲಾಕೆ ಮಾತ್ರ ಒಳಗೆ ಗಿರಗಿರನೆ ಸುತ್ತುತ್ತಿತ್ತು. ಮುಂದಕ್ಕೆ ಬಂದ ಬಲವೆಲ್ಲ ಅಲ್ಲಿ ಬುಗುರಿ ಆಡುತ್ತಿತ್ತು. ಅರ್ಧ ಮಾಡಿದರೆ ಅರ್ಧ ಸಿಗುತ್ತದೆ ಅಂತ ಅವನು ಎಣಿಸಿದ್ದ. ಬಿಗಿ ಮಾಡಿದ ಗಾಲಿಗೂ ಒಂದು ಹನಿ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಮೇಲೆ ಓಲಗ ನಿಂತಿತು. ಯಾರೋ ಅಂಗಳದ ಅಂಚಿನಿಂದ “ಗಂಡು ಎಲ್ಲೀ?” ಅಂತ ಕೂಗಿದರು.

ಅವನು ಈಗ ಪಂಚೆ ನೋಡಲಿಲ್ಲ. ದುಡುಂ ಅಂತ ಚರಂಡಿಗೆ ಹಾರಿದ! ಸೊಂಟದವರೆಗೆ ಕೆಸರು. ಮುಳ್ಳು ಶಲ್ಯ ಹಿಡಿದೆಳೆಯಿತು, ಶಲ್ಯವನ್ನು ಮುಳ್ಳಿಗೇ ಬಿಟ್ಟ. ಕೆಸರಿನೊಳಗೆ ಕೈ ಹಾಕಿ ತಡಕಿದ. ಗಾಲಿ ಸಿಕ್ಕಿತು, ಗುಬುಟು ಸಿಕ್ಕಿತು, ತಿರುಪು ಸಿಕ್ಕಿತು. ಜಾರಿತು. ಮತ್ತೆ ಹಿಡಿದ. ಟಕ್!

ಸೋದರತ್ತೆಯನ್ನು ಗಂಡು ಕೈಹಿಡಿದು ಒಳಗೆ ಎಳೆದುಕೊಂಡ. ಜೀಪಿನವನು ಗೇರು ಎಳೆದ. ಮುಂದಿನ ಗಾಲಿಗಳು ಒಂದು ಸಲ ನಡುಗಿದವು. ನೆಲ ಕಚ್ಚಿದವು. ಎತ್ತು ನೊಗಕ್ಕೆ ಹೆಗಲು ಕೊಟ್ಟ ಹಾಗೆ ಜೀಪು ಮೂತಿ ಎತ್ತಿತು. ಹತ್ತಿತು! ಕಲ್ಲು ಸಿಡಿದವು, ಕೆಸರು ಹಾರಿತು, ಬಾಸಿಂಗ ಕಿವಿಗೆ ಜಾರಿತು. “ಹೊಡಿ ಭಾವ, ಹೊಡಿ!” ಅಂತ ಗಂಡು ಕೂಗುತ್ತಿದ್ದ. ಸೋದರತ್ತೆ ನಿಲ್ಲಿಸಿದ ಹಾಡನ್ನು ಎತ್ತಿಕೊಂಡಳು, ಈಗ ಅದರಲ್ಲಿ ಬೀಗರಿಗೆ ಬೈಗುಳವಿರಲಿಲ್ಲ. ಅಂಗಳದ ಚಪ್ಪರದ ಮುಂದೆ ಜೀಪು ನಿಂತಾಗ ಓಲಗದವರು ಯಾರೂ ಹೇಳದೆಯೇ ಊದಿಬಿಟ್ಟರು.

ಜೀಪಿನವನು ಇಳಿದ. ತಾಯಿ ಮಗನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಹಸೆಮಣೆಯ ಮೇಲಿದ್ದ ತಂಗಿ ಮೊದಲು ಕಿಸಕ್ಕನೆ ನಕ್ಕಳು. ಆಮೇಲೆ ತಾಯಿಯೂ ತಡೆಯಲಾರದೆ ಹೋದಳು.

“ಚುಕ್ಕೆ ಬಿದ್ದರೆ ಹತ್ತಿಸೋಲ್ಲ ಅಂದಿದ್ದೆ. ಇದರಲ್ಲಿ ಚುಕ್ಕೆಯೇ ಇಲ್ಲವಲ್ಲೋ, ಎಲ್ಲ ಒಂದೇ ಬಣ್ಣ. ಹತ್ತು, ಹತ್ತು, ಮುಹೂರ್ತ ಮೀರುತ್ತದೆ!”

ಆ ಕೆಸರಿನ ಪಂಚೆಯಲ್ಲೇ ಅವನು ತಂಗಿಗೆ ಧಾರೆ ಎರೆದ.

ಅವ್ವ ಕತೆ ನಿಲ್ಲಿಸಿದಳು. ಮರಿಸ್ವಾಮಿ ನಕ್ಕು ನಕ್ಕು ಕಣ್ಣೊರೆಸಿಕೊಂಡ.

“ಎಂಥ ದಡ್ಡನವ್ವಾ! ಒಂದು ಚರಂಡಿಗೆ ಇಳಿಯಲಾರದೆ ತಂಗಿಯ ಮದುವೆಯನ್ನೇ ನಿಲ್ಲಿಸುತ್ತಿದ್ದನಲ್ಲ!”

“ದಡ್ಡನೇ ಮಗಾ.” ಅವ್ವ ಇನ್ನೊಂದು ಕಾಯಿ ಎತ್ತಿಕೊಂಡಳು. “ನಿಮ್ಮಕ್ಕನ ಮನೆ ಎಲ್ಲಿ?”

“ಹಳ್ಳದ ಆಚೆ. ಇಲ್ಲಿಂದಲೇ ಅವಳ ಒಲೆಯ ಹೊಗೆ ಕಾಣುತ್ತದೆ.”

“ನೀನು ಮನಸ್ಸಿನಲ್ಲೇ ಕೋಪ ಬಿಟ್ಟದ್ದು ಅವಳಿಗೆ ಗೊತ್ತೇ?”

ಮರಿಸ್ವಾಮಿ ಹಳ್ಳದ ಆಚೆಯ ಹೊಗೆಯತ್ತ ತಿರುಗಿದ. ಸುಲಿಯದ ಕಾಯಿ ಅವನ ಕೈಯಲ್ಲೇ ಉಳಿಯಿತು.

“ನೀನೂ ತಿರುಗಿಸಿದ್ದು ನಿನ್ನ ಬಾಗಿಲ ಕಡೆಯ ತಿರುಪನ್ನೇ, ಮಗಾ,” ಎಂದಳು ಅವ್ವ.